ವಿಜಾಪುರದ ಹೊಗೆ, ವೈದ್ಯನ ಪ್ರಶ್ನೆ

ನೇಕಾರರ ಊರಾದ ಕಮತಗಿ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರವರೆಗೆ ಅದು ವಿಜಾಪುರ ಜಿಲ್ಲೆಗೆ ಸೇರಿತ್ತು. ಮಗ್ಗ ನಿಲ್ಲಿಸಿ, ಕಟ್ಟೆಯ ಮೇಲೆ ಕುಳಿತು ಬೀಡಿಯನ್ನೋ ಸಿಗರೇಟನ್ನೋ ಹಚ್ಚುವವರು ಇಂಥ ಊರುಗಳಲ್ಲಿ ಹೊಸಬರಲ್ಲ. ಆ ಹೊಗೆಗೂ ವಿಜಾಪುರಕ್ಕೂ ನಾಲ್ಕು ಶತಮಾನಗಳ ನಂಟಿದೆ ಎಂಬುದು ನಿಮಗೆ ಗೊತ್ತೆ?

ಅಮೆರಿಕ ಖಂಡದ ಹೊಗೆಸೊಪ್ಪನ್ನು ಪೋರ್ಚುಗೀಸರು ನಮ್ಮ ದೇಶಕ್ಕೆ ತಂದರು. ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನಕ್ಕೆ ಬಂದಿದ್ದ ಮೊಗಲ ರಾಯಭಾರಿ ಅಸದ್ ಬೇಗ್ ಅದನ್ನು ವಿಜಾಪುರದಲ್ಲಿ ಕಂಡು, ರತ್ನಖಚಿತ ಕೊಳವೆಯೊಂದಿಗೆ ಆಗ್ರಾಕ್ಕೆ ಒಯ್ದನು. 1605ರ ಸುಮಾರಿಗೆ ಅಕ್ಬರನು ಒಂದೆರಡು ದಮ್ಮು ಎಳೆದಾಗ ಆಸ್ಥಾನದ ವೈದ್ಯನು ತಡೆದನು. ನಮ್ಮ ಪಂಡಿತರು ಪರೀಕ್ಷಿಸದ ವಸ್ತುವಿನ ಗುಣವನ್ನು ಹೇಗೆ ಹೇಳುವುದು ಎಂಬುದು ಅವನ ಪ್ರಶ್ನೆ. ಅಕ್ಬರನು ಚಟ ಹಿಡಿಸಿಕೊಳ್ಳಲಿಲ್ಲ, ಸರದಾರರು ಹಿಡಿಸಿಕೊಂಡರು. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಹೊಗೆ ಆರಲಿಲ್ಲ.

ವೈದ್ಯನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ನಮಗೆ ಜೀವ ಕೊಡುವ ಆಮ್ಲಜನಕವೇ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತೆರೆದಿಟ್ಟ ಶೇಂಗಾ ಎಣ್ಣೆಯನ್ನು ಕಮಟಾಗಿಸುತ್ತದೆ. ದೇಹದೊಳಗೂ ಇಂಥ ಕ್ರಿಯೆ ಸದಾ ನಡೆದಿರುತ್ತದೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ 'ಫ್ರೀ ರ್‍ಯಾಡಿಕಲ್' ಕಣಗಳು ಜೀವಕೋಶದ ಪೊರೆಯಿಂದ, ಡಿ.ಎನ್.ಎ.ಯಿಂದ ಎಲೆಕ್ಟ್ರಾನ್ ಕಸಿದು ಅವುಗಳನ್ನು ಕೆಡಿಸುತ್ತವೆ. ದೇಹವು ಕಿಣ್ವಗಳಿಂದಲೂ 'ಸಿ', 'ಇ' ಜೀವಸತ್ವಗಳಿಂದಲೂ ಅವನ್ನು ತಡೆಯುತ್ತದೆ. ದಾಳಿಯು ಈ ರಕ್ಷಣೆಯನ್ನು ಮೀರಿದ ಸ್ಥಿತಿಯನ್ನು ಜರ್ಮನಿಯ ವಿಜ್ಞಾನಿ ಹೆಲ್ಮುಟ್ ಸೀಸ್ 1985ರಲ್ಲಿ 'ಉತ್ಕರ್ಷಣ ಒತ್ತಡ'ವೆಂದು ವಿವರಿಸಿದರು. ಅದೇ ವರ್ಷ ಅಮೆರಿಕದ ಚರ್ಚ್ ಮತ್ತು ಪ್ರಯರ್ ಕೊಟ್ಟ ಲೆಕ್ಕ ಬೆರಗು ಹುಟ್ಟಿಸುವಂಥದು: ಸಿಗರೇಟಿನ ಒಂದು ದಮ್ಮಿನಲ್ಲಿ ಇಂಥ ಕಣಗಳು ಸುಮಾರು ಹತ್ತು ಕೋಟಿ ಕೋಟಿ, ಅಂದರೆ ಒಂದರ ಮುಂದೆ 15 ಸೊನ್ನೆ! ರಕ್ತನಾಳ, ಶ್ವಾಸಕೋಶಗಳು ಕೆಡಲು ಇದೂ ಒಂದು ಮುಖ್ಯ ಕಾರಣ.

ಹಾಗಾದರೆ ಸೇದುತ್ತಲೇ ಮಾತ್ರೆ ನುಂಗಿದರಾಯಿತೆ? ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಪ್ರಕಟವಾಯಿತು. ಉತ್ಕರ್ಷಣವನ್ನು ತಡೆದೀತೆಂದು ಕೊಟ್ಟ ಬೀಟಾ ಕೆರೋಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಶೇ. 18ರಷ್ಟು ಹೆಚ್ಚೇ ಕಂಡಿತು. ಆದರೆ ಮರುವರ್ಷ ಅಮೆರಿಕದ ಇನ್ನೊಂದು ಸಣ್ಣ ಅಧ್ಯಯನವು ಭರವಸೆ ತಂದಿತು. ಸೇದುವುದನ್ನು ಎರಡೇ ವಾರ ಬಿಟ್ಟವರ ರಕ್ತದಲ್ಲಿ, ಕೊಬ್ಬು ಉತ್ಕರ್ಷಣಗೊಂಡು ಹುಟ್ಟುವ ವಸ್ತುಗಳು ಗಣನೀಯವಾಗಿ ಇಳಿದಿದ್ದವು.

ವೈದ್ಯನಿಗಿದ್ದ ಸಂದೇಹ ಇಂದು ನಮಗಿಲ್ಲ. ಕಟ್ಟೆಯ ಮೇಲೆ ಮುಂದಿನ ಕಡ್ಡಿ ಗೀರುವ ಮುನ್ನ ಆ ಎರಡು ವಾರಗಳನ್ನು ನೆನೆಯಿರಿ.