ಮುಲ್ಕಿಯಿಂದ ‘ನೋ ಸೂನರ್’ವರೆಗೆ

ಚಿಕ್ಕೋಡಿ, ಅಥಣಿ ತಾಲೂಕುಗಳು ಮುಂಬಯಿ ಇಲಾಖೆಯಲ್ಲಿದ್ದ ಕಾಲಕ್ಕೆ ಹಳ್ಳಿಶಾಲೆಯ ಓದಿನ ತುದಿ ಎಂದರೆ ಮುಲ್ಕಿ ಪರೀಕ್ಷೆ. ಏಳನೆಯ ಇಯತ್ತೆ ಮುಗಿಸಿ ಅದರಲ್ಲಿ ಪಾಸಾದವನು ಮಾಸ್ತರನಾಗಬಹುದಿತ್ತು; ಇಂಗ್ಲಿಷಿನ ಗೊಡವೆ ಇರಲಿಲ್ಲ. ಕಾಲೇಜಿಗೆ ಹೋಗುವ ಆಸೆಯಿದ್ದವನು ಮಾತ್ರ ಮ್ಯಾಟ್ರಿಕ್ ದಾಟಬೇಕಿತ್ತು. ಮುಂಬಯಿ ವಿಶ್ವವಿದ್ಯಾಲಯ 1859ರಲ್ಲಿ ಶುರುಮಾಡಿದ ಈ ಪರೀಕ್ಷೆಯೇ ಹುಡುಗರನ್ನು ಇಂಗ್ಲಿಷ್ ವ್ಯಾಕರಣದ ಕೈಗೆ ಒಪ್ಪಿಸಿದ್ದು.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿಯ ಬಾಳಾಸಾಹೇಬ ಖೇರ್ ಸರ್ಕಾರ ಐದರಿಂದ ಏಳನೆಯ ಇಯತ್ತೆಯವರೆಗೆ ಇಂಗ್ಲಿಷನ್ನು ತೆಗೆದುಹಾಕಿತು. ಎಬಿಸಿಡಿ ಶುರುವಾಗುತ್ತಿದ್ದದ್ದು ಎಂಟನೆಯದರಲ್ಲಿ, ಹನ್ನೊಂದನೆಯದಕ್ಕೆ ಎಸ್‌ಎಸ್‌ಸಿ. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಬಂದಾಗ ಹೈಸ್ಕೂಲುಗಳಲ್ಲಿ ಕೂತಿದ್ದದ್ದು ಇಂಥ ಮಕ್ಕಳು. ನಾಲ್ಕೇ ವರ್ಷದಲ್ಲಿ ಕಿವಿಗೆ ಬೀಳದ ಭಾಷೆಯನ್ನು ಕಲಿಯುವ ದಾರಿ ಒಂದೇ: ಬಾಯಿಪಾಠ. ‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಬಂದರೆ ‘ವೆನ್’, ‘ಲೆಸ್ಟ್’ ಬಂದರೆ ‘ಶುಡ್’.

ಈ ಜೋಡಿಗಳು ತಪ್ಪುವುದಕ್ಕೆ ದಡ್ಡತನ ಕಾರಣವಲ್ಲ. ‘ನೋ ಸೂನರ್ ಡಿಡ್ ದಿ ಟ್ರೇನ್ ರೀಚ್ ರಾಯಬಾಗ್ ವೆನ್ ಇಟ್ ರೇನ್ಡ್’ ಎಂದು ಬರೆದವನ ತಲೆಯಲ್ಲಿ ‘ಗಾಡಿ ಬಂದದ್ದೇ ತಡ, ಮಳೆ ಹಿಡಿಯಿತು’ ಎಂಬ ಕನ್ನಡವಿದೆ. ನಮ್ಮ ವಾಕ್ಯದಲ್ಲಿ ‘ತಡ’ ಎಂದರೆ ಮುಗಿಯಿತು, ಮುಂದಿನ ಅರ್ಧಕ್ಕೆ ಕೊಂಡಿ ಬೇಡ. ‘ಸೂನರ್’ ಹೋಲಿಕೆಯ ರೂಪ, ಆದ್ದರಿಂದ ‘ದ್ಯಾನ್’ ಕೇಳುತ್ತದೆ ಎಂದು ಒಮ್ಮೆ ಬಿಡಿಸಿ ಹೇಳಿದರೆ ಸಾಕು. ನಿಪ್ಪಾಣಿಯ ಮರಾಠಿ ಶಾಲೆಯ ಹುಡುಗನ ಪೇಚು ಬೇರೆ. ಅವನ ಮಾತಿನಲ್ಲಿ ‘ಜರೀ’ ಬಂದರೆ ಹಿಂದೆಯೇ ‘ತರೀ’ ಬರಬೇಕು. ಹಾಗಾಗಿ ‘ಆಲ್‌ದೋ’ ಹಿಂದೆ ‘ಬಟ್’ ಅಂಟಿಸುವ ಸೆಳೆತ ಸಹಜ.

ಈ ಪಾಠಕ್ಕೆ ಹೆಸರಾದ ‘ರೆನ್ ಆಂಡ್ ಮಾರ್ಟಿನ್’ ವ್ಯಾಕರಣವೂ ಪರವೂರಿನದೇನಲ್ಲ. ಪಿ.ಸಿ. ರೆನ್ ಇದೇ ಮುಂಬಯಿ ಇಲಾಖೆಯ ಶಿಕ್ಷಣ ಖಾತೆಯಲ್ಲಿ ನೌಕರಿ ಮಾಡಿದವ. 1924ರ ‘ಬೋ ಜೆಸ್ಟ್’ ಕಾದಂಬರಿ ಅವನಿಗೆ ಜಗತ್ತಿನಲ್ಲಿ ಹೆಸರು ತಂದಿತು. ನಮ್ಮಲ್ಲಿ ಅವನನ್ನು ಉಳಿಸಿದ್ದು ವ್ಯಾಕರಣ.

ಇಷ್ಟಕ್ಕೂ ಈ ನಿಯಮಗಳು ಶಿಲಾಶಾಸನಗಳಲ್ಲ. ಶೇಕ್ಸ್‌ಪಿಯರ್ ‘ಆಸ್ ಯೂ ಲೈಕ್ ಇಟ್’ ನಾಟಕದಲ್ಲಿ ‘ನೋ ಸೂನರ್’ ಮುಂದೆ ‘ಬಟ್’ ಇಟ್ಟಿದ್ದಾನೆ, ಅದೂ ಸಾಲುಸಾಲಾಗಿ! ಅವನ ಕಾಲದ ರೂಢಿ ಅದು. ಇಂದು ಸಿಬ್ಬಂದಿ ನೇಮಕಾತಿ ಆಯೋಗದ ತಪ್ಪು ಹುಡುಕುವ ಪ್ರಶ್ನೆಯಲ್ಲಿ ಅದೇ ‘ಬಟ್’ ಕಂಡರೆ ಅಭ್ಯರ್ಥಿ ಅದನ್ನು ತಪ್ಪೆಂದೇ ಗುರುತಿಸಬೇಕು.

ಆ ಆಯೋಗದ ಕಾನ್‌ಸ್ಟೆಬಲ್ ಜಿಡಿ (ಜನರಲ್ ಡ್ಯೂಟಿ) ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಆದರೆ ಅದರಲ್ಲೊಂದು ಭಾಷಾ ವಿಭಾಗವಿದೆ, ಅಲ್ಲಿ ಆಯ್ಕೆ ಇಂಗ್ಲಿಷ್ ಇಲ್ಲವೇ ಹಿಂದಿ, ಕನ್ನಡವಿಲ್ಲ.