ಮೈಸೂರಿನಲ್ಲಿ ಗುರುತು ಸಿಕ್ಕ ಹುಳಿ

ಹಸಿವು ಕುಗ್ಗಿಸಿ ಬೊಜ್ಜು ಕರಗಿಸುತ್ತದೆ ಎಂಬ 'ಗಾರ್ಸೀನಿಯಾ' ಮಾತ್ರೆಯ ಜಾಹೀರಾತನ್ನು ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ವಿದ್ಯಾರ್ಥಿ ಮಿತ್ರರೂ ನೋಡಿರಬಹುದು. ಅದರ ಮೂಲ ದೂರವಿಲ್ಲ. ಅರಕಲಗೂಡಿನ ಗಡಿ ದಾಟಿದರೆ ಕೊಡಗು. ಅಲ್ಲಿ ಪಂದಿ ಕರಿಗೆ ಹಾಕುವ ಕಪ್ಪು ಕಾಚಂಪುಳಿ ಈ ಮರದ ಹಣ್ಣಿನದೇ. ಶಿರಸಿ ಕಡೆ ಇದೇ ಉಪ್ಪಾಗೆ.

ಇದರ ಹುಳಿ ಟಾರ್ಟಾರಿಕ್ ಇಲ್ಲವೇ ಸಿಟ್ರಿಕ್ ಆಮ್ಲದ್ದೆಂದು ಮೊದಲು ಭಾವಿಸಿದ್ದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿದವರು ಮೈಸೂರಿನ ಸಿ.ಎಫ್.ಟಿ.ಆರ್.ಐ. ಆಹಾರ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ಅವರು ಹುಡುಕಿದ್ದು ಹುಳಿಯ ಗುಟ್ಟನ್ನು, ಬೊಜ್ಜಿನ ಮದ್ದನ್ನಲ್ಲ. ಸಕ್ಕರೆಯನ್ನು ಕೊಬ್ಬಾಗಿಸಲು ದೇಹಕ್ಕೆ ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು ಆಮೇಲೆ ಅಮೆರಿಕದಲ್ಲಿ ತಿಳಿಯಿತು. 1970ರ ದಶಕದ ಪ್ರಯೋಗಗಳಲ್ಲಿ ಇದನ್ನು ತಿಂದ ಇಲಿಗಳು ಆಹಾರ ಕಡಿಮೆ ಮಾಡಿದವು. ವ್ಯಾಪಾರಕ್ಕೆ ಅಷ್ಟೇ ಸಾಕಾಯಿತು! 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಏರಿ, ಉತ್ತರ ಕನ್ನಡದ ಕಾಡಿನಲ್ಲಿ ಹಣ್ಣನ್ನು ಬಲಿಯುವ ಮುನ್ನವೇ ಕೊಯ್ಯುವ ಪೈಪೋಟಿ ನಡೆಯಿತು.

ಇಲಿ ಮನುಷ್ಯನಲ್ಲವಷ್ಟೆ. ನ್ಯೂಯಾರ್ಕಿನಲ್ಲಿ ಸ್ಟೀವನ್ ಹೇಮ್ಸ್‌ಫೀಲ್ಡ್ ತಂಡ 135 ಮಂದಿಗೆ ಪಥ್ಯದ ಊಟ ಹೇಳಿ, ಅರ್ಧದಷ್ಟು ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲವನ್ನೂ ಉಳಿದವರಿಗೆ ಮದ್ದಿಲ್ಲದ ಮಾತ್ರೆಯನ್ನೂ ಕೊಟ್ಟು 12 ವಾರ ನೋಡಿತು. ಯಾರಿಗೆ ಯಾವುದೆಂದು ತಿಳಿಸಿರಲಿಲ್ಲ. 1998ರಲ್ಲಿ ಫಲಿತಾಂಶ ಬಂತು: ಆಮ್ಲ ತಿಂದವರು ಸರಾಸರಿ 3.2 ಕಿಲೋ ಇಳಿದರೆ, ಮದ್ದಿಲ್ಲದ ಮಾತ್ರೆಯವರು 4.1 ಕಿಲೋ. ಆ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಮುಂದೆ ಗಾರ್ಸೀನಿಯಾ ಬೆರೆಸಿದ ಮಾತ್ರೆ ನುಂಗಿದ ಕೆಲವರ ಯಕೃತ್ತಿಗೆ ತೀವ್ರ ಪೆಟ್ಟಾದ ವರದಿಗಳೂ ಬಂದವು.