ಕುಸ್ವಾರಿನ ಹರಿವಾಣ: ನಮ್ಮ ಮನೆಗಳಲ್ಲಿ ಕ್ರಿಸ್ತ ಜಯಂತಿ ನಡೆದುಬಂದ ದಾರಿ

ಧರ್ಮಕೇಂದ್ರವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ದೊರೆಯುವ ಆಧಾರಗಳೆಂದರೆ ದೇವಾಲಯದ ದಫ್ತರಗಳು. ಜ್ಞಾನಸ್ನಾನ ಪಡೆದವರ ಹೆಸರು, ವಿವಾಹವಾದವರ ಹೆಸರು, ಮಡಿದವರ ಹೆಸರು, ಗಂಟೆಗೋಪುರಕ್ಕೆ ತಗಲಿದ ವೆಚ್ಚ, ಹಂಚು ಹೊದೆಸಿದ ಲೆಕ್ಕ ಇವೆಲ್ಲವೂ ಅವುಗಳಲ್ಲಿ ಅಚ್ಚುಕಟ್ಟಾಗಿ ದಾಖಲಾಗಿರುತ್ತವೆ. ಆದರೆ ದೇವಾಲಯದ ಹೊಸ್ತಿಲಾಚೆ, ನಮ್ಮ ಮನೆಗಳ ಅಡಿಗೆಕೋಣೆಗಳಲ್ಲಿ, ಅಂಗಳಗಳಲ್ಲಿ ನಡೆದುಬಂದ ವಿಶ್ವಾಸದ ಚರಿತ್ರೆಯನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ. ಬರೆಯುವ ಲೇಖನಿ ಗಂಡಸರ ಕೈಯಲ್ಲಿತ್ತು. ಹಬ್ಬವನ್ನು ಕಟ್ಟಿದ ಕೈಗಳು ಹೆಂಗಸರವು. ಈ ಲೇಖನವು ಆ ಎರಡನೆಯ ಚರಿತ್ರೆಗೆ ಸಂಬಂಧಿಸಿದುದು.

ಇದನ್ನು ಬರೆಯಲು ಮತ್ತೊಂದು ಕಾರಣವೂ ಉಂಟು. ನಮ್ಮ ಕ್ರಿಸ್ಮಸ್ ಹಬ್ಬವೆಂದರೆ ಪರದೇಶದಿಂದ ಹಡಗಿನಲ್ಲಿ ಬಂದಿಳಿದ ಸಾಮಾನು, ಈ ಮಣ್ಣಿನಲ್ಲಿ ಅದಕ್ಕೆ ಬೇರಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ನಮ್ಮವರೇ ಕೆಲವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಇತರರು ಆಕ್ಷೇಪಣೆಯಾಗಿ ಹೇಳುವುದುಂಟು. ಇಬ್ಬರೂ ಹಬ್ಬದ ಹರಿವಾಣವನ್ನು ಸರಿಯಾಗಿ ನೋಡಿಲ್ಲವೆಂದೇ ನನ್ನ ಅಭಿಪ್ರಾಯ.

ಕರಾವಳಿಯ ಕೊಂಕಣಿ ಕ್ರೈಸ್ತರ ಪೂರ್ವಜರಲ್ಲಿ ಬಹುಪಾಲು ಜನರು 16ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಗೋವೆಯ ಕಡೆಯಿಂದ ಹಂತಹಂತವಾಗಿ ದಕ್ಷಿಣಕ್ಕೆ ಬಂದವರು. ಕ್ಷಾಮ, ಯುದ್ಧ, ತೆರಿಗೆಯ ಭಾರ, ಗೋವೆಯ ಇನ್‌ಕ್ವಿಸಿಷನ್ ನ್ಯಾಯಸ್ಥಾನದ ಭಯ ಇವೆಲ್ಲವೂ ಆ ವಲಸೆಗೆ ಕಾರಣಗಳಾದುವು. ಕೆಳದಿಯ ನಾಯಕರು ಈ ಒಕ್ಕಲು ಜನರಿಗೆ ನೆಲವಿತ್ತು ಆಶ್ರಯವಿತ್ತರು. 1736ರಲ್ಲಿ ಆ ನ್ಯಾಯಸ್ಥಾನವು ಹೊರಡಿಸಿದ ಆಜ್ಞಾಪತ್ರವೊಂದು ಗೋವೆಯ ಕ್ರೈಸ್ತರು ತಮ್ಮ ಪೂರ್ವಿಕರಿಂದ ಪಡೆದ ಎಷ್ಟೋ ಆಚಾರಗಳನ್ನು ನಿಷೇಧಿಸಿತು. ಮದುವೆಯ ಶಾಸ್ತ್ರಗಳು, ಉಡುಗೆಯ ರೀತಿ, ವೀಳ್ಯದೆಲೆ ಹೂವುಗಳ ಉಪಚಾರ, ಅಂಗಳದ ತುಳಸಿ ಎಲ್ಲದಕ್ಕೂ ಅಡ್ಡಿಯುಂಟಾಯಿತು. ಆದರೆ ಎಷ್ಟು ಉಗ್ರವಾದ ಆಜ್ಞೆಯೂ ಒಲೆಯ ಮೇಲಿನ ಬಾಣಲೆಯನ್ನು ಮಗುಚಿಹಾಕಲಾರದಷ್ಟೆ.

ಆ ಬಾಣಲೆಯಲ್ಲಿ ಏನಿತ್ತೆಂಬುದಕ್ಕೆ ಕುಸ್ವಾರಿನ ಹರಿವಾಣವೇ ಸಾಕ್ಷಿ. ಪೋರ್ತುಗಲ್ಲಿನಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ‘ಕೊನ್ಸೊಆದಾ’ ಎಂದು ಹೆಸರು. ಗೋವೆಯಲ್ಲಿ ಅದೇ ಹೆಸರು ಬಂಧುಬಳಗಕ್ಕೆ ಹಂಚುವ ಹಬ್ಬದ ಸಿಹಿತಿಂಡಿಗಳಿಗೆ ಬಂದಿತು. ಮಂಗಳೂರಿನಲ್ಲಿ ಆ ತಿಂಡಿಗಳು ಕುಸ್ವಾರ್. ಹೊದಿಕೆ ಪರದೇಶದ್ದಿರಬಹುದು, ಒಳಗಿನ ಹೂರಣವನ್ನು ನೋಡಿರಿ. ನೆವ್ರಿಯೆಂದರೆ ಮತ್ತೇನೂ ಅಲ್ಲ, ಘಟ್ಟದ ಮೇಲಿನವರ ಕರ್ಜಿಕಾಯಿ. ತೆಂಗಿನಕಾಯಿ ಅಥವಾ ಎಳ್ಳು, ಏಲಕ್ಕಿ, ಸಕ್ಕರೆ ತುಂಬಿ ಅರ್ಧಚಂದ್ರಾಕಾರವಾಗಿ ಮಡಿಸಿ ಕರಿಯುವ ಇದನ್ನು ಕೊಂಕಣಿ ಹಿಂದೂ ಮನೆಗಳಲ್ಲಿ ಗಣೇಶ ಚೌತಿಗೆ ಮಾಡುತ್ತಾರೆ. ಅಲ್ಲಿಯೂ ಅದರ ಹೆಸರು ನೆವ್ರಿಯೇ. ಚಕ್ಕುಲಿ ಅಷ್ಟಮಿಯ ನಂಟು. ಗುಳಿಯೊ ಎಂಬುದು ಅಕ್ಕಿಹಿಟ್ಟಿನ ಸಣ್ಣ ಉಂಡೆಗಳನ್ನು ಕರಿದು ಪಾಕದಲ್ಲಿ ಹೊರಳಿಸಿದ ಅಚ್ಚ ಊರಿನ ತಿಂಡಿ. ಇನ್ನೊಂದೆಡೆ ಮೊಟ್ಟೆ ಮೈದಾಗಳ ಕಿಡಿಯೊ, ಕಬ್ಬಿಣದ ಅಚ್ಚಿನಿಂದ ಎತ್ತುವ ಕೊಕ್ಕಿಸಾಂ ಇವು ಪರದೇಶದ ಅಡಿಗೆಯ ಸಂಪರ್ಕದಿಂದ ಬಂದವು. ಆದರೆ ಅವೆರಡಕ್ಕೂ ತೆಂಗಿನ ಹಾಲು ಬೆರೆಯದೆ ಹದ ಬಾರದು! ಹೀಗೆ ಒಂದೇ ಹರಿವಾಣದಲ್ಲಿ ಎರಡು ಚರಿತ್ರೆಗಳು ಪಕ್ಕಪಕ್ಕದಲ್ಲಿ ಕುಳಿತಿವೆ. ಮೈಸೂರು ಸೀಮೆಯ ಕನ್ನಡ ಕ್ರೈಸ್ತರ ಮನೆಗಳಲ್ಲಿ ಕಜ್ಜಾಯ, ಕರ್ಜಿಕಾಯಿಗಳು ಕ್ರಿಸ್ತ ಜಯಂತಿಯ ತಿಂಡಿಗಳಾಗಿ ಉಳಿದುಬಂದುದರ ಅರ್ಥವೂ ಇದೇ.

ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ಸಣ್ಣ ಹಿಟ್ಟಿನ ಗುಂಡನ್ನು ಮುಳ್ಳುಚಮಚೆಯ ಬೆನ್ನಿನ ಮೇಲೆ, ಅಥವಾ ಅದಕ್ಕೆಂದೇ ತಂದಿರಿಸಿದ ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿದರೆ ಹುಳುವಿನ ಮೈಗೆರೆಗಳು ಮೂಡುತ್ತವೆ. ಒಂದು ಡಬ್ಬಿ ತುಂಬಬೇಕಾದರೆ ಅಂಥ ನೂರಾರು ಸುರುಳಿಗಳು ಬೇಕು. ಆದಕಾರಣ ಇದು ಒಬ್ಬಿಬ್ಬರ ಕೆಲಸವಲ್ಲ. ಅತ್ತೆ, ಸೊಸೆ, ನಾದಿನಿ, ನೆರೆಮನೆಯವರು, ಶಾಲೆಗೆ ರಜೆಯಾದ ಮಕ್ಕಳು ಎಲ್ಲರೂ ಚಾಪೆಯ ಮೇಲೆ ವೃತ್ತವಾಗಿ ಕುಳಿತು ರಾತ್ರಿಯವರೆಗೆ ಸುತ್ತುತ್ತಿದ್ದರು. ನಡುನಡುವೆ ಜಪಸರವೂ ನಡೆಯುತ್ತಿತ್ತು, ಊರ ಸುದ್ದಿಯೂ ನಡೆಯುತ್ತಿತ್ತು. ಕೊಕ್ಕಿಸಾಂ ಮಾತ್ರ ಅನುಭವಸ್ಥರ ಪಾಲು. ಅಚ್ಚು ಎಣ್ಣೆಯಲ್ಲಿ ಸಾಕಷ್ಟು ಕಾಯದಿದ್ದರೆ ಹಿಟ್ಟು ಹಿಡಿಯದು, ಹೆಚ್ಚು ಕಾದರೆ ಬಿಡದು. ಮೊದಲಿನ ಎರಡು ಮೂರು ಹೂಗಳು ಕೆಡುವುದು ವಾಡಿಕೆ. ಅವು ಮಕ್ಕಳ ಹಕ್ಕು.

ಈ ಪರಂಪರೆ ಅವಿಚ್ಛಿನ್ನವಾಗಿ ಹರಿದುಬಂದಿತೆಂದು ಹೇಳುವಂತಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಗಿ, ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಆ ವರ್ಷದ ವಿಭೂತಿ ಬುಧವಾರವನ್ನು ಸಮುದಾಯವು ಇಂದಿಗೂ ಮರೆತಿಲ್ಲ. ಮಂಗಳೂರಿನಲ್ಲಿ 1680ರಲ್ಲಿ ಸ್ಥಾಪನೆಯಾಗಿದ್ದ ಮಿಲಾಗ್ರಿಸ್ ಮೊದಲಾದ ದೇವಾಲಯಗಳು ನೆಲಸಮವಾದುವು, ಧರ್ಮಗುರುಗಳು ಗಡೀಪಾರಾದರು. 1799ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಹದಿನೈದು ವರ್ಷಗಳು ಹೀಗೆಯೇ ಕಳೆದುವು. ಸಾವಿರಾರು ಮಂದಿ ಹಿಂದಿರುಗಲೇ ಇಲ್ಲ. ಸೆರೆಗೆ ಹೋದಾಗ ಹತ್ತು ವರ್ಷದವಳಾಗಿದ್ದ ಬಾಲಕಿ, ಬದುಕಿ ಬಂದಿದ್ದರೆ, ಇಪ್ಪತ್ತೈದರ ಹೆಂಗಸಾಗಿ ಪಾಳುಬಿದ್ದ ಹಿತ್ತಲಿಗೆ ಕಾಲಿಟ್ಟಿರಬೇಕು. ದೇವಾಲಯವಿಲ್ಲ, ಗುರುಗಳಿಲ್ಲ, ಬರೆದಿಟ್ಟ ಪಾಕಪುಸ್ತಕವಂತೂ ಮೊದಲೇ ಇಲ್ಲ. ಆದರೂ ನೆವ್ರಿ ಉಳಿಯಿತು. ಯಾರ ನೆನಪಿನಿಂದ ಉಳಿಯಿತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಚಿನ ಕಾಲದ ಕಷ್ಟಗಳು ಅಷ್ಟು ಘೋರವಲ್ಲವಾದರೂ ಹಬ್ಬದ ರುಚಿಯ ಮೇಲೆ ತಮ್ಮ ಗುರುತು ಬಿಟ್ಟಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅನಂತರದ ವರ್ಷಗಳಲ್ಲಿಯೂ ಸಕ್ಕರೆಗೆ ಪಡಿತರ ಬಂದಾಗ ಗೃಹಿಣಿಯರು ತಿಂಗಳುಗಟ್ಟಲೆ ಕಾಫಿಗೆ ಬೆಲ್ಲ ಬೆರೆಸಿ, ಉಳಿಸಿದ ಸಕ್ಕರೆಯನ್ನು ಡಿಸೆಂಬರಿಗೆ ಕೂಡಿಡುತ್ತಿದ್ದರು. ದಕ್ಷಿಣ ಕನ್ನಡವು ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. 1948ರ ಹೊತ್ತಿಗೆ ಆ ಪ್ರಾಂತ್ಯದಾದ್ಯಂತ ಪಾನನಿಷೇಧವು ಜಾರಿಗೆ ಬಂದಾಗ ಹಬ್ಬದೂಟದ ಸನ್ನಾಣಗಳಿಗೇ ಸಂಕಟ ಒದಗಿತು. ಅಕ್ಕಿಯ ಹಿಟ್ಟನ್ನು ಉಬ್ಬಿಸುತ್ತಿದ್ದುದು ತಾಜಾ ಕಳ್ಳು. ಪಾನದ ಚಟವೇ ಇಲ್ಲದ ಮುದುಕಿಯರೂ ಸರಕಾರದ ಮೇಲೆ ಮುನಿಸಿಕೊಳ್ಳುವಂತಾಯಿತು.

ಇನ್ನು ಕೇಕಿನ ವಿಚಾರ. ಇದು ಹರಿವಾಣಕ್ಕೆ ತಡವಾಗಿ ಬಂದ ಅತಿಥಿ. ಇಂಗ್ಲೆಂಡಿನಲ್ಲಿ 1647ರಲ್ಲಿ ಪ್ಯೂರಿಟನ್ನರ ಪಾರ್ಲಿಮೆಂಟು ಕ್ರಿಸ್ಮಸ್ ಹಬ್ಬವನ್ನೇ ರದ್ದು ಮಾಡಿತ್ತು. 1660ರಲ್ಲಿ ಅರಸೊತ್ತಿಗೆ ಮರಳಿದ ಬಳಿಕವೇ ಅದಕ್ಕೆ ಪುನಃ ಮಾನ್ಯತೆ ದೊರೆತುದು. ಅಲ್ಲಿ ಮೂರು ರಾಯರ ಹಬ್ಬದಂದು ಕತ್ತರಿಸುತ್ತಿದ್ದ ಹಣ್ಣಿನ ಕೇಕು 19ನೆಯ ಶತಮಾನದಲ್ಲಿ ಕ್ರಿಸ್ಮಸ್ಸಿಗೆ ಜಾರಿಕೊಂಡು ಬಂದಿತು. ನಮ್ಮ ನೆರೆಯ ತಲಶ್ಶೇರಿಯಲ್ಲಿ 1883ರಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿಯವರು ಬ್ರೌನ್ ಎಂಬ ಇಂಗ್ಲಿಷ್ ತೋಟಗಾರರಿಗಾಗಿ ಮೊದಲ ಕ್ರಿಸ್ಮಸ್ ಕೇಕನ್ನು ತಯಾರಿಸಿದರೆಂದು ಅಲ್ಲಿಯವರು ಹೇಳುತ್ತಾರೆ. ಕೇಕಿನ ಹೆಸರಿನಲ್ಲಿರುವ ‘ಪ್ಲಮ್’ ಎಂದರೆ ಹಿಂದಿನ ಇಂಗ್ಲಿಷಿನಲ್ಲಿ ಒಣದ್ರಾಕ್ಷಿ. ಪ್ಲಮ್ ಹಣ್ಣನ್ನು ಕಾಣದ ನಾವು ಮೋಸಹೋಗಲಿಲ್ಲವೆಂದು ಸಮಾಧಾನಪಡಬಹುದು. ಮನೆಯಲ್ಲಿ ಒಲೆಗೂಡಿಲ್ಲದ ದಿನಗಳಲ್ಲಿ ಹಿಟ್ಟಿನ ಪಾತ್ರೆಯನ್ನು ಮರಳು ತುಂಬಿದ ಭಾಂಡದಲ್ಲಿಟ್ಟು, ತಗಡು ಮುಚ್ಚಿ, ಮೇಲೂ ಕೆಳಗೂ ತೆಂಗಿನ ಗೆರಟೆಯ ಕೆಂಡ ಹಾಕಿ ಬೇಯಿಸುತ್ತಿದ್ದರು. ಪೇಟೆಯವರು ಕಲಸಿದ ಹಿಟ್ಟನ್ನು ತಗಡಿನ ಡಬ್ಬಿಯಲ್ಲಿ ಬೇಕರಿಗೆ ಒಯ್ದು, ಕೂಲಿ ಕೊಟ್ಟು ಬೇಯಿಸಿಕೊಂಡು ಬರುತ್ತಿದ್ದುದೂ ಉಂಟು. ಒಂದರಂತೆ ಒಂದಿರುವ ಡಬ್ಬಿಗಳು ಅದಲುಬದಲಾಗದಂತೆ ಹೆಸರು ಬರೆದ ಚೀಟಿ ಅಂಟಿಸುತ್ತಿದ್ದರು.

ಇಷ್ಟೆಲ್ಲ ಮಾಡಿದರೂ 24ನೆಯ ತಾರೀಕಿನಂದು ಡಬ್ಬಿಗಳಿಗೆ ಬೀಗ. ಧರ್ಮಸಭೆಯ 1917ರ ಕಾನೂನು ಸಂಹಿತೆಯು ಕ್ರಿಸ್ತ ಜಯಂತಿಯ ಹಿಂದಿನ ದಿನವನ್ನು ಉಪವಾಸದ ಮತ್ತು ಮಾಂಸವರ್ಜನೆಯ ದಿನವೆಂದು ವಿಧಿಸಿತ್ತು. ಮಕ್ಕಳಿಗೆ ಉಪವಾಸದ ಕಟ್ಟಳೆ ಇರಲಿಲ್ಲವಾದರೂ ಹಿರಿಯರು ಹಸಿದಿರುವಾಗ ಮಕ್ಕಳ ಕೈಗೆ ಡಬ್ಬಿಯ ಬೀಗದ ಕೈ ಬರುವುದೆಂತು? ಕಿರಿಯರ ಪ್ರಾಯಶ್ಚಿತ್ತವು ಹಿರಿಯರದಕ್ಕಿಂತ ಕಠಿಣವಾಗಿತ್ತೆನ್ನಬೇಕು. 1966ರಲ್ಲಿ ಆರನೆಯ ಪೌಲ ಜಗದ್ಗುರುಗಳು ಉಪವಾಸದ ನಿಯಮಗಳನ್ನು ಮಾರ್ಪಡಿಸಿದಾಗ ಈ ಕಟ್ಟಳೆಯು ಸಡಿಲವಾಯಿತು. ನಡುರಾತ್ರಿಯ ಬಲಿಪೂಜೆ ಮುಗಿಸಿ, ಸೂಟೆಯ ಬೆಳಕಿನಲ್ಲಿ ಗದ್ದೆಯ ಹುಣಿಯ ಮೇಲೆ ನಡೆದು ಮನೆ ಸೇರಿ ಡಬ್ಬಿಯ ಮುಚ್ಚಳ ತೆರೆದಾಗ ಬರುತ್ತಿದ್ದ ಪರಿಮಳ ಆ ಹಸಿವಿನಿಂದಲೇ ಹೆಚ್ಚಿತೆಂದು ಹಿರಿಯರು ಹೇಳುವುದನ್ನು ನಾನು ನಂಬುತ್ತೇನೆ. ಕಾನೂನು ಸಡಿಲವಾದುದು ನ್ಯಾಯವೇ. ಆದರೆ ಕಾಯುವುದನ್ನು ನಾವು ಅದರೊಡನೆಯೇ ಬಿಟ್ಟುಕೊಟ್ಟೆವು.

ಗೋದಲಿಯನ್ನು ಕಟ್ಟುವ ಕೆಲಸ ಹುಡುಗರದು. ಸಂತ ಅಸ್ಸೀಸಿಯ ಫ್ರಾನ್ಸಿಸರು ತಮ್ಮ ಮರಣಕ್ಕೆ ಮೂರು ವರ್ಷಗಳ ಮುಂಚೆ, 1223ರಲ್ಲಿ, ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ಹಾಸಿ, ಎತ್ತು ಕತ್ತೆಗಳನ್ನು ತರಿಸಿ ಬೆತ್ಲೆಹೇಮಿನ ದೃಶ್ಯವನ್ನು ಜನರ ಕಣ್ಣಿಗೆ ಕಟ್ಟಿದರು. ಫ್ರಾನ್ಸಿಸ್ ಜಗದ್ಗುರುಗಳು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಗೋದಲಿಯನ್ನು ಕುರಿತ ಪತ್ರಕ್ಕೆ ಸಹಿ ಹಾಕಿ, ಮನೆಮನೆಗಳಲ್ಲಿ ಈ ಪದ್ಧತಿ ಅಳಿಯಬಾರದೆಂದು ಕೋರಿದರು. ನಮ್ಮ ಗೋದಲಿಗಳಲ್ಲಿ ಇಟಲಿಯ ಹಿಮವಿಲ್ಲ, ಗದ್ದೆಯಿದೆ. ಹಬ್ಬಕ್ಕೆ ಹದಿನೈದು ದಿನಗಳಿರುವಾಗಲೇ ಗೆರಟೆಗಳಲ್ಲಿಯೂ ಹಳೆಯ ತಗಡುಗಳಲ್ಲಿಯೂ ಮಣ್ಣು ತುಂಬಿ ಭತ್ತವನ್ನೋ ರಾಗಿಯನ್ನೋ ಬಿತ್ತಿ, ನೇಜಿ ಎದ್ದ ಮೇಲೆ ಬೆತ್ಲೆಹೇಮಿನ ಸುತ್ತ ಜೋಡಿಸುತ್ತಾರೆ. ಮೇಲೆ ಮುಳಿಹುಲ್ಲಿನ ಮಾಡು. ಬಾಲಯೇಸು ತುಳುನಾಡಿನ ಹಟ್ಟಿಯಲ್ಲೇ ಹುಟ್ಟುತ್ತಾರೆ.

ನಕ್ಷತ್ರದ ಕಥೆಯೂ ಅಂತೆಯೇ. ಬಿದಿರನ್ನು ಸೀಳಿ ಸಲಾಕೆ ಮಾಡಿ, ನೂಲಿನಿಂದ ಬಿಗಿದು, ಬಣ್ಣದ ತೆಳುಕಾಗದವನ್ನು ಮೈದಾ ಅಂಟಿನಿಂದ ಹಚ್ಚಿ ಒಳಗೆ ದೀಪವಿಡುವ ಈ ವಿದ್ಯೆ ಕರಾವಳಿಯಲ್ಲಿ ದೀಪಾವಳಿಯ ಗೂಡುದೀಪ ಕಟ್ಟುವವರ ವಿದ್ಯೆಯೇ ಆಗಿದೆ. ನೆರೆಮನೆಯ ಹುಡುಗ ಕಾರ್ತಿಕದಲ್ಲಿ ಗೂಡುದೀಪ ಕಟ್ಟುವುದನ್ನು ನೋಡಿ ನಮ್ಮ ಹುಡುಗ ಡಿಸೆಂಬರಿನಲ್ಲಿ ನಕ್ಷತ್ರ ಕಟ್ಟಿದನು. ಉಳಿದ ಕಾಗದವನ್ನು ಕೇಳಿ ತಂದುದೂ ಉಂಟು.

ಇಂದು ಕುಸ್ವಾರ್ ಅಂಗಡಿಯಲ್ಲಿ ತೂಕಕ್ಕೆ ದೊರೆಯುತ್ತದೆ, ನಕ್ಷತ್ರ ಮಡಚಿದ ಪೊಟ್ಟಣದಲ್ಲಿ ಬರುತ್ತದೆ. ಮನೆಯಲ್ಲಿ ಇಬ್ಬರು ಮುದುಕರು, ಮಕ್ಕಳೋ ಮುಂಬಯಿಯಲ್ಲಿ, ಕೊಲ್ಲಿಯ ನಾಡುಗಳಲ್ಲಿ. ಅಂಥವರು ನೂರಾರು ಕಿಡಿಯೊ ಸುತ್ತಲಿಲ್ಲವೆಂದು ದೂರುವುದು ನಿರ್ದಯವಾದ ಮಾತು. ಅಂಗಡಿಗಾಗಿ ಕರಿದುಕೊಡುವ ಎಷ್ಟೋ ವಿಧವೆಯರ ಜೀವನ ಆ ತೂಕದಿಂದ ನಡೆಯುತ್ತದೆ ಎಂಬುದೂ ನೆನಪಿರಲಿ. ನಿಜವಾಗಿ ನಷ್ಟವಾಗುತ್ತಿರುವುದು ತಿಂಡಿಯಲ್ಲ, ಅಳತೆ ಬಲ್ಲವರ ಬಾಯಿಮಾತು. ‘ಕೈಗೆ ಅಂಟದಷ್ಟು ಹಿಟ್ಟು, ಬೆರಳಿಗೆ ಎಳೆ ಬರುವಷ್ಟು ಪಾಕ’ ಎಂಬ ಲೆಕ್ಕವನ್ನು ಕೇಳಿ ಬರೆದಿಡುವ ಯುವತಿ ಪ್ರತಿ ಮನೆಯಲ್ಲಿ ಒಬ್ಬಳಾದರೂ ಬೇಕು, ಯುವಕನಾದರೂ ಅಡ್ಡಿಯಿಲ್ಲ.

ಹಬ್ಬದ ಮರುದಿನದಿಂದ ಹರಿವಾಣಗಳ ಸಂಚಾರ. ಕಸೂತಿಯ ಬಟ್ಟೆ ಮುಚ್ಚಿದ ತಟ್ಟೆಗಳನ್ನು ಹಿಡಿದು ಮಕ್ಕಳು ನೆರೆಯ ಹಿಂದೂ, ಮುಸಲ್ಮಾನ ಮನೆಗಳಿಗೆ ಹೋಗುತ್ತಿದ್ದರು. ಮೊಟ್ಟೆ ತಿನ್ನದವರ ತಟ್ಟೆಯಲ್ಲಿ ನೆವ್ರಿ, ಗುಳಿಯೊ, ಚಕ್ಕುಲಿಗಳು ಮಾತ್ರ. ಇದನ್ನು ತಾಯಂದಿರು ಕಟ್ಟುನಿಟ್ಟಾಗಿ ವಿಂಗಡಿಸುತ್ತಿದ್ದರು. ಬಳಿಕ ಸೊಸೆಯಂದಿರ ತವರಿನ ಪ್ರಯಾಣ, ಊರಿಂದೂರಿಗೆ ಗೋದಲಿ ನೋಡುವ ತಿರುಗಾಟ, ಜನವರಿ 6ಕ್ಕೆ ಮೂರು ರಾಯರ ಹಬ್ಬ. ಜನವರಿ 14ಕ್ಕೆ ಬಿಕರ್ನಕಟ್ಟೆಯ ಬಾಲಯೇಸುವಿನ ಉತ್ಸವ, ತಿಂಗಳ ಕೊನೆಗೆ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಜಾತ್ರೆ. 1759ರಲ್ಲಿ ಆರಂಭವಾಗಿ 2016ರಲ್ಲಿ ಕಿರಿಯ ಬಸಿಲಿಕದ ಪದವಿಗೇರಿದ ಆ ದೇವಾಲಯಕ್ಕೆ ಸರ್ವ ಮತದವರೂ ಮೇಣದ ಬತ್ತಿ ಹಿಡಿದು ಬರುತ್ತಾರೆ. ಬುತ್ತಿಯ ಗಂಟಿನಲ್ಲಿ ಡಬ್ಬಿಯ ತಳದ ಕೊನೆಯ ತುಕ್ಡಿ, ಚಕ್ಕುಲಿಗಳು ಇರುತ್ತಿದ್ದುವು. ಅಷ್ಟರಲ್ಲಿ ನೆರೆಯವರಿಗೆ ಹೋಗಿದ್ದ ತಟ್ಟೆಗಳೂ ಒಂದೊಂದಾಗಿ ಹಿಂದಿರುಗುತ್ತಿದ್ದುವು. ಬರಿದಾದ ತಟ್ಟೆಯನ್ನು ಯಾರೂ ಮರಳಿಸುತ್ತಿರಲಿಲ್ಲ. ಒಂದು ಹಿಡಿ ಸಕ್ಕರೆ, ಎರಡು ಬಾಳೆಹಣ್ಣು, ಅಥವಾ ಹಿತ್ತಲಿನ ಮಲ್ಲಿಗೆಯ ಮೊಗ್ಗುಗಳು ಅದರಲ್ಲಿರುತ್ತಿದ್ದುವು.